ಬಾಗಿಲು ಹಾಕಿದ ಮೇಲೂ ಮೀಟರ್ ಯಾಕೆ ಓಡುತ್ತದೆ?

ದೇವಸ್ಥಾನ, ಚರ್ಚು, ಮಸೀದಿ, ಮಠಗಳ ಕರೆಂಟ್ ಖರ್ಚಿನ ಬಗ್ಗೆ ಬಂದ ಪತ್ರಗಳಲ್ಲಿ ನಾಲ್ಕನ್ನು ಈ ಸಲ ಎತ್ತಿಕೊಂಡಿದ್ದೇವೆ. ಕಟ್ಟಡಗಳ ವಿದ್ಯುತ್ ಬಳಕೆ ತಪಾಸಣೆ ಮಾಡುವ ಎಂಜಿನಿಯರ್ ಉತ್ತರಿಸಿದ್ದಾರೆ.

ಪ್ರಶ್ನೆ: ನಮ್ಮದು ಊರಿನವರೇ ನಡೆಸುವ ಗಣಪತಿ ದೇವಸ್ಥಾನ. ಹೆಸ್ಕಾಂ ಬಿಲ್ ವರ್ಷದಿಂದ ವರ್ಷಕ್ಕೆ ಏರುತ್ತಿದೆ. ಭಕ್ತರೊಬ್ಬರು 5 ಕಿಲೋವ್ಯಾಟ್ ಸೋಲಾರ್ ಹಾಕಿಸಿಕೊಡಲು ತಯಾರಿದ್ದಾರೆ. ಒಪ್ಪಿಕೊಳ್ಳಬಹುದೇ? ದೇವರ ಕೆಲಸದಲ್ಲಿ ಲೆಕ್ಕ ನೋಡಬಾರದು ಎನ್ನುವವರೂ ಸಮಿತಿಯಲ್ಲಿದ್ದಾರೆ.
– ದೇವಸ್ಥಾನ ಸಮಿತಿ ಖಜಾಂಚಿ, ಕುಮಟಾ ತಾಲೂಕು

ಉತ್ತರ: ಒಪ್ಪಿಕೊಳ್ಳಿ, ಆದರೆ ಈಗಲೇ ಬೇಡ. ಮೊದಲು ಕರೆಂಟ್ ಎಲ್ಲಿ ಹೋಗುತ್ತಿದೆ ಎಂದು ನೋಡಿ. ಸೋರುವ ಕೊಡಕ್ಕೆ ಎಷ್ಟು ನೀರು ಹೊತ್ತರೂ ಸಾಲುವುದಿಲ್ಲ.

ಅದಕ್ಕೆ ಯಾವ ಉಪಕರಣವೂ ಬೇಡ. ರಾತ್ರಿ ಪೂಜೆ ಮುಗಿದು ಭಟ್ಟರು ಬಾಗಿಲು ಹಾಕಿದ ಮೇಲೆ ಮೀಟರಿನ ಯೂನಿಟ್ ಬರೆದಿಟ್ಟುಕೊಳ್ಳಿ. ಬೆಳಿಗ್ಗೆ ಬಾಗಿಲು ತೆಗೆಯುವ ಮುಂಚೆ ಮತ್ತೊಮ್ಮೆ ಬರೆಯಿರಿ. ಯಾರೂ ಇಲ್ಲದ ಹೊತ್ತಿನಲ್ಲಿ ಎಷ್ಟು ಉರಿಯಿತು ಎಂಬುದು ಗೊತ್ತಾಗುತ್ತದೆ. ನಾಲ್ಕು ಸಿಸಿಟಿವಿ ಕ್ಯಾಮೆರಾ, ಎರಡು ಎಲ್‌ಇಡಿ ಬಲ್ಬ್ ಇದ್ದರೆ ರಾತ್ರಿಗೆ ಅರ್ಧ ಯೂನಿಟ್, ಜಾಸ್ತಿ ಅಂದರೆ ಒಂದು. ಐದೋ ಎಂಟೋ ಬಂದರೆ ಏನೋ ಇದೆ ಎಂದೇ ಅರ್ಥ.

ಆಗ ಮೀಟರಿನ ಮೇಲೆ ಮಿನುಗುವ ಪುಟ್ಟ ಕೆಂಪು ದೀಪ ನೋಡಿ. ಕರೆಂಟ್ ಜಾಸ್ತಿ ಹೋದಷ್ಟೂ ಅದು ಬೇಗ ಬೇಗ ಮಿನುಗುತ್ತದೆ. ಒಬ್ಬರು ಅದರ ಮುಂದೆ ನಿಲ್ಲಿ, ಇನ್ನೊಬ್ಬರು ಬೋರ್ಡಿನ ಎಂಸಿಬಿಗಳನ್ನು ಒಂದೊಂದಾಗಿ ಕೆಳಗೆ ಮಾಡುತ್ತಾ ಬನ್ನಿ. ಯಾವುದನ್ನು ಆರಿಸಿದಾಗ ಮಿನುಗುವುದು ನಿಧಾನವಾಯಿತೋ, ಕಳ್ಳ ಆ ಲೈನಿನಲ್ಲಿದ್ದಾನೆ. ಸಾಮಾನ್ಯವಾಗಿ ಸಿಗುವುದು ಇವು: ಮೈಕ್ ಆರಿಸಿದರೂ ಉರಿಯುತ್ತಲೇ ಇರುವ ಆಂಪ್ಲಿಫೈಯರ್, ಪಾಕಶಾಲೆಯ ಹಳೇ ಫ್ರಿಜ್, ಹಿತ್ತಿಲಲ್ಲಿ ಯಾರೋ ಮರೆತ ಹ್ಯಾಲೋಜನ್. ಎಲ್ಲ ಸ್ವಿಚ್ ಆರಿಸಿದರೂ ಒಂದು ಲೈನಿನಲ್ಲಿ ಕರೆಂಟ್ ಹೋಗುತ್ತಿದ್ದರೆ ಒದ್ದೆ ಗೋಡೆಯೊಳಗಿನ ಹಳೇ ವೈರ್ ಮೇಲೆ ಅನುಮಾನ ಪಡಿ. ನಮ್ಮ ಕಡೆಯ ಮಳೆಗಾಲದಲ್ಲಿ ಚಿರೆಕಲ್ಲಿನ ಗೋಡೆ ತಿಂಗಳುಗಟ್ಟಲೆ ಒಣಗುವುದೇ ಇಲ್ಲ. ಇದು ಬಿಲ್ಲಿನ ಮಾತಷ್ಟೇ ಅಲ್ಲ, ಜೀವದ ಮಾತು. ಬರಿಗಾಲಲ್ಲಿ, ಒದ್ದೆ ಬಟ್ಟೆಯಲ್ಲಿ ಓಡಾಡುವ ಜಾಗ ಅದು. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕರೆಸಿ ವೈರಿಂಗ್ ಪರೀಕ್ಷೆ ಮಾಡಿಸಿ, ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಸ್ವಿಚ್ ಹಾಕಿಸಿ. ನಿಮ್ಮ ಗೋಡೆಯಲ್ಲಿ ಹಳೆಯ ಕಾವಿ ಚಿತ್ರಗಳಿದ್ದರೆ ಅದನ್ನು ಕೊರೆದು ಪೈಪ್ ಹಾಯಿಸಲು ದಯವಿಟ್ಟು ಬಿಡಬೇಡಿ. ವೈರ್ ತೊಲೆಯ ಬದಿಯಲ್ಲಿ ಹೋಗಲಿ.

ಇನ್ನು ಹೊರಗಿನ ದೀಪಗಳು. ಶಿಖರಕ್ಕೆ ಬೆಳಕು ಬಿಡಲು 500 ವ್ಯಾಟಿನ ನಾಲ್ಕು ಹ್ಯಾಲೋಜನ್ ಸಂಜೆ ಏಳರಿಂದ ಬೆಳಿಗ್ಗೆ ಆರರವರೆಗೆ ಉರಿದರೆ ದಿನಕ್ಕೆ 22 ಯೂನಿಟ್, ತಿಂಗಳಿಗೆ 660. ಅದೇ ಜಾಗಕ್ಕೆ 50 ವ್ಯಾಟಿನ ನಾಲ್ಕು ಎಲ್‌ಇಡಿ ಹಾಕಿ, ಟೈಮರ್ ಇಟ್ಟು ಹತ್ತು ಗಂಟೆಗೆ ಆರುವಂತೆ ಮಾಡಿದರೆ ತಿಂಗಳಿಗೆ 18 ಯೂನಿಟ್. ಯೂನಿಟ್‌ಗೆ 6 ರೂಪಾಯಿ ಎಂದು ಅಂದಾಜು ಹಿಡಿದರೂ ತಿಂಗಳಿಗೆ ಉಳಿತಾಯ 3,800 ರೂಪಾಯಿ ದಾಟಿತು, ಅಲ್ವಾ? ಕೊಳ್ಳುವಾಗ ಐಪಿ 65 ಎಂದು ಬರೆದಿದೆಯೇ ನೋಡಿ. ಇಲ್ಲದಿದ್ದರೆ ಒಂದೇ ಮಳೆಗಾಲಕ್ಕೆ ಒಳಗೆ ನೀರು, ಹುಳ ತುಂಬುತ್ತವೆ.

ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟಿದೆ ಎಂದೂ ನೋಡಿ. ನಿಗದಿತ ಶುಲ್ಕ ಅದರ ಮೇಲೆ ಬರುತ್ತದೆ, ದೀಪ ಹಚ್ಚಿದರೂ ಬಂತು, ಹಚ್ಚದಿದ್ದರೂ ಬಂತು. ಎಷ್ಟೋ ಕಡೆ ಜಾತ್ರೆಯ ನಾಲ್ಕು ದಿನಕ್ಕೆಂದು ಏರಿಸಿದ ಲೋಡ್ ಹಾಗೆಯೇ ಉಳಿದಿರುತ್ತದೆ. ಜಾತ್ರೆಗೆ ತಾತ್ಕಾಲಿಕ ಸಂಪರ್ಕ ತೆಗೆದುಕೊಳ್ಳಿ. ದರ ಹೆಚ್ಚಾದರೂ ಆ ದಿನಗಳಿಗಷ್ಟೇ. ಬಾಡಿಗೆಗೆ ಕೊಡುವ ಕಲ್ಯಾಣ ಮಂಟಪ ಇದ್ದರೆ ಅದಕ್ಕೆ ವಾಣಿಜ್ಯ ದರ, ಹಾಗಾಗಿ ಮೀಟರ್ ಬೇರೆಯೇ ಇರಲಿ.

ಇಷ್ಟಾದ ಮೇಲೆ ಸೋಲಾರ್. 1 ಕಿಲೋವ್ಯಾಟ್ ಫಲಕ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. ಜೂನ್, ಜುಲೈನಲ್ಲಿ ಅಷ್ಟು ಬರುವುದಿಲ್ಲ. ಬಳಕೆ ಇಳಿದ ಮೇಲೆ ನಿಮಗೆ 2 ಕಿಲೋವ್ಯಾಟೇ ಸಾಕಾಗಬಹುದು. ಉಳಿದ ಹಣದಲ್ಲಿ ವೈರಿಂಗ್ ಬದಲಾಯಿಸಿಕೊಡಿ ಎಂದು ಆ ಭಕ್ತರನ್ನೇ ಕೇಳಿ. ಫಲಕದ ಮೇಲೆ ಅವರ ಹೆಸರು ಎದ್ದು ಕಾಣುತ್ತದೆ, ವೈರಿನ ಮೇಲೆ ಕಾಣುವುದಿಲ್ಲ. ಆದರೂ ಊರಿಗೆ ಬೇಕಾದ ದಾನ ಅದು. ಫಲಕ ಹಾಕುವುದು ಹೆಂಚಿನ ಮೇಲೆ ಬೇಡ, ಭೋಜನಶಾಲೆಯ ಸ್ಲ್ಯಾಬ್ ಮೇಲೆ ಇರಲಿ. ತೆಂಗಿನ ಗರಿಯ ನೆರಳು ಒಂದು ಫಲಕದ ಮೇಲೆ ಬಿದ್ದರೂ ಇಡೀ ಸಾಲಿನ ಉತ್ಪಾದನೆ ಕುಸಿಯಬಹುದು. ಕಡಲ ಗಾಳಿಗೆ ಸಾದಾ ಕಬ್ಬಿಣದ ಬೋಲ್ಟ್ ಬೇಗ ತಿಂದುಹೋಗುತ್ತದೆ, ಸ್ಟೇನ್‌ಲೆಸ್ ಸ್ಟೀಲಿನದೇ ಕೇಳಿ. ಇನ್ನೊಂದು ಮಾತು ಮಾರುವವರು ಹೇಳುವುದು ಕಡಿಮೆ: ಬ್ಯಾಟರಿ ಇಲ್ಲದೆ ಗ್ರಿಡ್‌ಗೆ ಜೋಡಿಸಿದ ಸೋಲಾರ್, ಕರೆಂಟ್ ಹೋದಾಗ ತಾನೂ ನಿಲ್ಲುತ್ತದೆ. ಲೈನ್ ಮೇಲೆ ಕೆಲಸ ಮಾಡುವವರಿಗೆ ಶಾಕ್ ಹೊಡೆಯಬಾರದು ಎಂದೇ ಹಾಗೆ ಮಾಡಿರುತ್ತಾರೆ. ಪಿಎಂ ಸೂರ್ಯಘರ್ ಸಬ್ಸಿಡಿ ಮನೆಗಳಿಗೆ ಇರುವಂಥದ್ದು, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ದೇವರ ಕೆಲಸಕ್ಕೆ ಲೆಕ್ಕ ಯಾಕೆ ಎನ್ನುವವರಿಗೆ ನನ್ನದೊಂದು ಮಾತು. ಸೂಪಾ, ಕೊಡಸಳ್ಳಿ, ಕದ್ರಾ, ಗೇರುಸೊಪ್ಪ ಅಣೆಕಟ್ಟುಗಳು, ಕೈಗಾ ಅಣುಸ್ಥಾವರ ಎಲ್ಲವೂ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲೇ ಇವೆ. ಕರೆಂಟಿಗಾಗಿ ಮನೆ, ಗದ್ದೆ, ಊರ ದೇವರ ಗುಡಿಯನ್ನೇ ಬಿಟ್ಟು ಬಂದವರು ನಮ್ಮ ನಡುವೆ ಇದ್ದಾರೆ. ಅದನ್ನು ಸುಮ್ನೆ ಉರಿಸುವುದು ಯಾವ ದೇವರಿಗೂ ಸಲ್ಲುವ ಸೇವೆಯಲ್ಲ. ನಂದಾದೀಪಕ್ಕೆ ಯಾರೂ ಕೈ ಹಚ್ಚುವುದಿಲ್ಲ, ಅದು ಎಣ್ಣೆಯಲ್ಲಿ ಉರಿಯುತ್ತದೆ.

ಪ್ರಶ್ನೆ: ನಮ್ಮ ಚರ್ಚಿನದು ಎತ್ತರದ ಹೆಂಚಿನ ಮಾಡು. ಏಪ್ರಿಲ್, ಮೇ ತಿಂಗಳ ಭಾನುವಾರದ ಪೂಜೆಯಲ್ಲಿ ವಯಸ್ಸಾದವರು ಸೆಕೆಗೆ ಬಳಲುತ್ತಾರೆ. ಎಸಿ ಹಾಕಿಸುವ ಮಾತು ನಡೆದಿದೆ. ಕನಿಷ್ಠ ಫ್ಯಾನ್‌ಗಳನ್ನಾದರೂ ಬದಲಿಸಬೇಕೇ?
– ಪ್ಯಾರಿಶ್ ಸಮಿತಿ ಸದಸ್ಯೆ, ಕಾರವಾರ

ಉತ್ತರ: ಎಸಿ ಬೇಡ. ಅಷ್ಟು ಎತ್ತರದ, ಬಾಗಿಲು ತೆರೆದೇ ಇರುವ ಹಾಲ್ ತಂಪಾಗುವುದಿಲ್ಲ. ಲೋಡ್ ಏರಿಸಿದ್ದಕ್ಕೆ ಮಳೆಗಾಲದಲ್ಲೂ ಶುಲ್ಕ ಕಟ್ಟುತ್ತಿರಬೇಕು.

ಮೊದಲು ತಲೆ ಎತ್ತಿ ನೋಡಿ. ಹಳೇ ಚರ್ಚುಗಳಲ್ಲಿ ಮಾಡಿನ ಕೆಳಗೆ ಗಾಳಿಕಿಂಡಿಗಳು ಇರುತ್ತವೆ. ಪಾರಿವಾಳದ ಕಾಟಕ್ಕೆ ಎಷ್ಟೋ ಕಡೆ ಹಲಗೆ ಹೊಡೆದು ಮುಚ್ಚಿಬಿಟ್ಟಿರುತ್ತಾರೆ. ಬಿಸಿ ಗಾಳಿ ಹೊರಗೆ ಹೋಗುವ ದಾರಿಯೇ ಅದು. ಹಲಗೆ ತೆಗೆದು ಜಾಲರಿ ಹಾಕಿ. ಫ್ಯಾನ್‌ಗಳು ತುಂಬಾ ಮೇಲಿದ್ದರೆ ಉದ್ದ ರಾಡ್ ಹಾಕಿ ನೆಲದಿಂದ ಎಂಟು–ಒಂಬತ್ತು ಅಡಿಗೆ ಇಳಿಸಿ. ಗಾಳಿ ತಾಗಬೇಕಾದದ್ದು ಬೆಂಚಿನಲ್ಲಿ ಕೂತವರಿಗೆ. ವಯಸ್ಸಾದವರಿಗೆ ಪಕ್ಕದ ಬಾಗಿಲ ಹತ್ತಿರದ ಸಾಲು ಬಿಟ್ಟುಕೊಡಿ.

ಹಳೇ ಫ್ಯಾನ್ 75 ವ್ಯಾಟ್ ಎಳೆದರೆ ಬಿಎಲ್‌ಡಿಸಿ ಫ್ಯಾನ್ ಸುಮಾರು 30 ಎಳೆಯುತ್ತದೆ, ನಿಜ. ಆದರೆ ನಿಮ್ಮಲ್ಲಿ 16 ಫ್ಯಾನ್ ಇದ್ದು ವಾರಕ್ಕೆ ಹತ್ತು ಗಂಟೆ ತಿರುಗಿದರೆ ಉಳಿಯುವುದು ವಾರಕ್ಕೆ ಏಳು ಯೂನಿಟ್ ಮಾತ್ರ. ಅದಕ್ಕಾಗಿ ಚೆನ್ನಾಗಿರುವ ಫ್ಯಾನ್ ಎಸೆಯಬೇಡಿ. ಕೆಟ್ಟಾಗ ಒಂದೊಂದಾಗಿ ಬದಲಿಸಿ. ದಿನವಿಡೀ ಫ್ಯಾನ್ ತಿರುಗುವ ಕಚೇರಿ, ಫಾದರ್ ಅವರ ಕೋಣೆ ಇದ್ದರೆ ಅಲ್ಲಿಂದ ಶುರುಮಾಡಿ.

ಪ್ರಶ್ನೆ: ಮಸೀದಿಯಲ್ಲಿ ದೀಪಗಳನ್ನೆಲ್ಲ ಎಲ್‌ಇಡಿ ಮಾಡಿದೆವು. ಆದರೂ ಬಿಲ್ ಹೆಚ್ಚು ಇಳಿದಿಲ್ಲ. ಯಾಕೆ?
– ಜಮಾಅತ್ ಸದಸ್ಯ, ಭಟ್ಕಳ

ಉತ್ತರ: ಪಂಪ್ ನೋಡಿ. 1 ಎಚ್‌ಪಿ ಪಂಪ್ ಗಂಟೆಗೆ ಹೆಚ್ಚುಕಡಿಮೆ ಒಂದು ಯೂನಿಟ್ ತಿನ್ನುತ್ತದೆ. ಫುಟ್‌ವಾಲ್ವ್ ಸೋರುತ್ತಿದ್ದರೆ, ಟ್ಯಾಂಕ್ ತುಂಬಿ ಹೊರಗೆ ಚೆಲ್ಲುತ್ತಿದ್ದರೆ ಗಂಟೆಗಟ್ಟಲೆ ಓಡಿದ್ದೆಲ್ಲ ವ್ಯರ್ಥ. ಟ್ಯಾಂಕಿಗೆ ಫ್ಲೋಟ್ ಸ್ವಿಚ್ ಹಾಕಿ. ನಮಾಜಿಗೆ ಮುಂಚೆ ಕೈಕಾಲು, ಮುಖ ತೊಳೆಯುವಲ್ಲಿ (ವುಝೂ) ಸೆಕೆಂಡಿಗೊಂದು ಹನಿ ಬೀಳುವ ಒಂದು ನಲ್ಲಿಯಿಂದಲೇ ದಿನಕ್ಕೆ 20 ಲೀಟರ್ ಹತ್ತಿರ ನೀರು ಹೋಗುತ್ತದೆ. ಒತ್ತಿದರೆ ಬಂದು ತಾನೇ ನಿಲ್ಲುವ ನಲ್ಲಿ ಒಳ್ಳೆಯದು. ಜೊತೆಗೆ ನಮಾಜಿಗೆ ನಿಲ್ಲುವ ಒಂದೊಂದು ಸಾಲಿಗೆ (ಸಫ್) ಬೇರೆ ಬೇರೆ ಸ್ವಿಚ್ ಮಾಡಿಸಿ. ಉಳಿದ ದಿನಗಳ ನಮಾಜಿಗೆ ಎರಡು ಸಾಲು ತುಂಬುವಲ್ಲಿ ಶುಕ್ರವಾರದಷ್ಟು ದೀಪ, ಫ್ಯಾನ್ ಬೇಕಿಲ್ಲ.

ಪ್ರಶ್ನೆ: ನಮ್ಮದು ಸಣ್ಣ ಮಠ. ನಿತ್ಯ ಅನ್ನಸಂತರ್ಪಣೆ ಇದೆ. ಗೋಶಾಲೆಯಲ್ಲಿ 20 ಮಲೆನಾಡು ಗಿಡ್ಡ ಹಸುಗಳಿವೆ. ಕರೆಂಟಿಗಿಂತ ಸೌದೆ, ಸಿಲಿಂಡರ್ ಖರ್ಚೇ ದೊಡ್ಡದು. ಏನು ಮಾಡಬಹುದು?
– ಮಠದ ವ್ಯವಸ್ಥಾಪಕರು, ಶಿರಸಿ ತಾಲೂಕು

ಉತ್ತರ: ನೀವು ಸರಿಯಾದ ಜಾಗದಲ್ಲೇ ನೋಡುತ್ತಿದ್ದೀರಿ. ದಿನಾ ಅಡುಗೆ ಮಾಡುವ ಕಡೆ ದೀಪದ ಖರ್ಚಿಗಿಂತ ಒಲೆಯ ಖರ್ಚೇ ಮೇಲು.

ಗೋಬರ್ ಗ್ಯಾಸ್ ಶಿರಸಿಯವರಿಗೆ ಹೊಸದಲ್ಲ, ಲೆಕ್ಕ ಮಾತ್ರ ಹೇಳುತ್ತೇನೆ. 25 ಕೆಜಿ ಸಗಣಿಗೆ ಸುಮಾರು 1 ಘನ ಮೀಟರ್ ಗ್ಯಾಸ್, ಅದು ಅರ್ಧ ಕೆಜಿಗಿಂತ ತುಸು ಕಡಿಮೆ ಎಲ್‌ಪಿಜಿಗೆ ಸಮ. ಗಿಡ್ಡ ಹಸು ಸಣ್ಣದು, ಬೆಟ್ಟಕ್ಕೆ ಮೇಯಲೂ ಹೋಗುತ್ತದೆ. ಕೊಟ್ಟಿಗೆಯಲ್ಲಿ ಸಿಗುವುದು ತಲೆಗೆ ನಾಲ್ಕು ಕೆಜಿ ಎಂದು ಹಿಡಿಯಿರಿ. 20 ಹಸುಗಳಿಗೆ 80 ಕೆಜಿ. ಅಂದರೆ ಹತ್ತು ದಿನಕ್ಕೊಂದು 14.2 ಕೆಜಿ ಸಿಲಿಂಡರಿನಷ್ಟು. ಸಂತರ್ಪಣೆಯ ಅನ್ನ ಇದರಲ್ಲಿ ಬೇಯುವುದಿಲ್ಲ. ಹಾಲು, ಕಷಾಯ, ಒಗ್ಗರಣೆ, ಸಣ್ಣ ಅಡುಗೆ ಆರಾಮಾಗಿ ಆಗುತ್ತದೆ. ಹೊರಬರುವ ಸ್ಲರಿ ಅಡಿಕೆ ತೋಟಕ್ಕೆ ಒಳ್ಳೆಯ ಗೊಬ್ಬರ. ಮಾಡಿನ ನೀರು ಗುಂಡಿಗೆ ಇಳಿಯದಂತೆ ನೋಡಿಕೊಳ್ಳಿ. ಪುಷ್ಯ ಮಾಘದ ಚಳಿಯಲ್ಲಿ ಗ್ಯಾಸ್ ಕಡಿಮೆಯಾದರೆ ಹೆದರಬೇಡಿ. ಸ್ನಾನದ ಹಂಡೆಗೆ ಅಡಿಕೆ ಸಿಪ್ಪೆ ಇದ್ದೇ ಇದೆ, ಗೀಸರ್ ಯೋಚನೆ ಬಿಡಿ.

ಅನ್ನದ ದೊಡ್ಡ ಪಾತ್ರೆಗಳಿಗೆ ಸೌದೆಯೇ ಇರಲಿ, ಒಲೆ ಬದಲಿಸಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪಿಸಿದ ಅಸ್ತ್ರ ಒಲೆಯ ಮಾದರಿ ನಿಮಗೆ ಗೊತ್ತಿರಬಹುದು. ಉರಿ ಒಳಗೇ ಉಳಿಯುತ್ತದೆ, ಕೆಳಗಿನ ಜಾಲರಿಯಿಂದ ಗಾಳಿ ಬರುತ್ತದೆ, ಹೊಗೆ ಚಿಮಣಿಯಲ್ಲಿ ಹೋಗುತ್ತದೆ. ಸರಿಯಾಗಿ ಕಟ್ಟಿದರೆ ತೆರೆದ ಒಲೆಗೆ ಬೇಕಾಗುವ ಸೌದೆಯಲ್ಲಿ ಅರ್ಧದ ಹತ್ತಿರ ಉಳಿಯುತ್ತದೆ, ಅಡುಗೆಯವರ ಕಣ್ಣೂ ಉಳಿಯುತ್ತದೆ. ಇಂಥ ಒಲೆ ಕೆಲಸ ಮಾಡುವುದು ಪಾತ್ರೆ ಬಾಯಿಗೆ ಸರಿಯಾಗಿ ಕೂತರೆ ಮಾತ್ರ. ಸಂದಿ ಉಳಿದರೆ ಉರಿಯೆಲ್ಲ ಹೊರಗೆ. ಆದ್ದರಿಂದ ಗಾರೆಯವರಿಗೆ ಹೇಳುವ ಮೊದಲು ನಿಮ್ಮ ಅಡುಗೆಭಟ್ಟರನ್ನು ಕೂರಿಸಿಕೊಂಡು ಯಾವ ತಪ್ಪಲೆ, ಯಾವ ಕೊಪ್ಪರಿಗೆ ದಿನಾ ಬಳಕೆಯಾಗುತ್ತದೆ ಎಂದು ಕೇಳಿ, ಅವುಗಳ ತಳದ ಅಳತೆ ತೆಗೆದುಕೊಳ್ಳಿ. ಮಳೆಗೆ ಮೊದಲೇ ಸೌದೆ ಮಾಡಿನಡಿ ಸೇರಲಿ. ಹಸಿ ಸೌದೆ ಹಾಕಿದರೆ ಯಾವ ಒಲೆಯೂ ಉಳಿತಾಯ ಮಾಡುವುದಿಲ್ಲ.