ಸಭೆಯಲ್ಲಿ ಅವರಿಗೂ ಜಾಗ: ಓದುಗರ ಪ್ರಶ್ನೆ, ನಮ್ಮ ಉತ್ತರ

ವಿಕಲಚೇತನರನ್ನೂ ಅವರ ಮನೆಯವರನ್ನೂ ಚರ್ಚಿನ ಆರಾಧನೆಯಲ್ಲಿ ಸೇರಿಸಿಕೊಳ್ಳುವ ಬಗ್ಗೆ ಬಂದ ಪತ್ರಗಳಲ್ಲಿ ಐದಕ್ಕೆ ಈ ಸಂಚಿಕೆಯಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ನನ್ನ ಎಂಟು ವರ್ಷದ ಮಗನಿಗೆ ಆಟಿಸಂ ಇದೆ. ಡ್ರಮ್ ಶುರುವಾದ ಕೂಡಲೇ ಕಿವಿ ಮುಚ್ಚಿಕೊಂಡು ಕಿರುಚುತ್ತಾನೆ. ಎಲ್ಲರೂ ತಿರುಗಿ ನೋಡುತ್ತಾರೆ. ನಾನೂ ನನ್ನ ಯಜಮಾನರೂ ಸರದಿಯಲ್ಲಿ ಅವನನ್ನು ಹೊರಗೆ ಕರೆದುಕೊಂಡು ಹೋಗಿ ನಿಲ್ಲುತ್ತೇವೆ. ಮನೆಯಲ್ಲೇ ಉಳಿಯುವುದು ವಾಸಿ ಅನ್ನಿಸುತ್ತಿದೆ. – ಒಬ್ಬ ತಾಯಿ

ಉತ್ತರ: ಅಮ್ಮಾ, ದಯವಿಟ್ಟು ಬರುವುದನ್ನು ನಿಲ್ಲಿಸಬೇಡಿ. ನಿಮ್ಮ ಮಗ ಹಟ ಮಾಡುತ್ತಿಲ್ಲ. ಆಟಿಸಂ ಇರುವ ಅನೇಕ ಮಕ್ಕಳಿಗೆ ನಮಗೆ ಸಾಧಾರಣ ಎನಿಸುವ ಸದ್ದೇ ನೋವಾಗುವಷ್ಟು ಜೋರಾಗಿ ಕೇಳಿಸುತ್ತದೆ. ಮೈಕಿನ ಕೀರಲು ಸದ್ದು, ಮಿಣುಗುವ ಟ್ಯೂಬ್‌ಲೈಟು, ಹೇಳದೆ ಕೇಳದೆ ಕೆನ್ನೆ ಸವರುವ ಕೈಗಳು, ಇವೆಲ್ಲ ಒಂದರ ಮೇಲೊಂದು ಸೇರಿಕೊಳ್ಳುತ್ತವೆ.

ಮೊದಲು ಒಂದು ವಾರದ ದಿನ, ಚರ್ಚು ಖಾಲಿ ಇರುವಾಗ ಅವನನ್ನು ಕರೆದೊಯ್ಯಿರಿ. ಗೇಟು, ನೀವು ಕೂರುವ ಬೆಂಚು, ವೇದಿಕೆ, ಶೌಚಾಲಯ, ಹೊರಬರುವ ಬಾಗಿಲು, ಇವುಗಳ ಫೋಟೊ ತೆಗೆಯಿರಿ. ಆರಾಧನೆ ನಡೆಯುವ ಕ್ರಮದಲ್ಲೇ ಆರೇಳು ಚಿತ್ರಗಳ ಪಟ್ಟಿ ಮಾಡಿ: ಹಾಡು, ಪ್ರಾರ್ಥನೆ, ಪಾಠ, ಪ್ರಸಂಗ, ಕಾಣಿಕೆ, ಮನೆಗೆ. ಒಂದೊಂದು ಮುಗಿದಂತೆ ಅವನೇ ಆ ಚಿತ್ರವನ್ನು ಕಿತ್ತು ಲಕೋಟೆಗೆ ಹಾಕಲಿ. ಮುಂದೇನು, ಇನ್ನೆಷ್ಟು ಉಳಿದಿದೆ ಎಂದು ಗೊತ್ತಾದರೆ ಅರ್ಧ ಗಾಬರಿ ಇಳಿಯುತ್ತದೆ. ಸ್ಪೀಕರಿನಿಂದ ದೂರ, ಬಾಗಿಲಿಗೆ ಹತ್ತಿರ, ಸಾಲಿನ ತುದಿಯಲ್ಲಿ ಕೂರಿರಿ. ಸದ್ದು ತಗ್ಗಿಸುವ ಇಯರ್‌ಮಫ್ ಹಾಕಿಕೊಳ್ಳುವುದನ್ನು ಮನೆಯಲ್ಲೇ ರೂಢಿ ಮಾಡಿಸಿ. ಮೊದಲ ಕೆಲವು ವಾರ ಹದಿನೈದು ನಿಮಿಷ ಸಾಕು. ಅವನು ಇನ್ನೂ ಸಮಾಧಾನದಿಂದ ಇರುವಾಗಲೇ ಎದ್ದು ಬನ್ನಿ. ಕಿರುಚಿದ ಮೇಲೆ ಹೊರಟರೆ, ಹೊರಗೆ ಹೋಗಲು ಕಿರುಚಬೇಕು ಎಂಬ ಪಾಠವನ್ನು ನಾವೇ ಕಲಿಸಿದಂತಾಗುತ್ತದೆ.

ಇನ್ನು ಸಭೆಯವರು ಮಾಡಬೇಕಾದದ್ದು. ಈ ಮನೆಯವರನ್ನು ಕೂರಿಸಿಕೊಂಡು ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಯಾವುದು ಅವನನ್ನು ಕೆಣಕುತ್ತದೆ, ಯಾವುದು ಸಮಾಧಾನ ಮಾಡುತ್ತದೆ, ಬೇಡ ಎನ್ನುವುದನ್ನು ಹೇಗೆ ತಿಳಿಸುತ್ತಾನೆ, ಯಾವ ತಿಂಡಿ ಒಗ್ಗುವುದಿಲ್ಲ, ಓಡಿಹೋಗುವ ಅಭ್ಯಾಸ ಇದೆಯೇ. ಮಗುವಿನ ಜೊತೆಗಿರಲು ಕನಿಷ್ಠ ನಾಲ್ವರನ್ನು ಅಣಿಮಾಡಿ, ಪ್ರತಿ ಭಾನುವಾರ ಇಬ್ಬರಂತೆ ಸರದಿ ಹಾಕಿ. ಮಗುವಿನ ರಕ್ಷಣೆಗಾಗಿ ಒಬ್ಬರನ್ನೇ ಅವನೊಂದಿಗೆ ಎಂದೂ ಬಿಡಬಾರದು. ಈ ವ್ಯವಸ್ಥೆ ಕುಸಿಯುವುದು ಹೆಚ್ಚಾಗಿ ಒಂದೇ ಕಾರಣಕ್ಕೆ: ಒಳ್ಳೆಯ ಮನಸ್ಸಿನ ಒಬ್ಬ ಅಕ್ಕನ ಮೇಲೆ ಎಲ್ಲ ಹೊರೆ ಬೀಳುತ್ತದೆ, ಅವರು ದಣಿಯುತ್ತಾರೆ, ಅಲ್ಲಿಗೆ ಎಲ್ಲವೂ ನಿಲ್ಲುತ್ತದೆ. ಪಕ್ಕದ ಒಂದು ಕೋಣೆಯಲ್ಲಿ ಮಂದ ಬೆಳಕು, ಚಾಪೆ, ದಿಂಬು ಇಡಿ. ಆದರೆ ಅದು ಸ್ವಲ್ಪ ಹೊತ್ತು ಸುಧಾರಿಸಿಕೊಂಡು ಮರಳುವ ಜಾಗ. ಮಗುವನ್ನು ಪ್ರತಿ ವಾರ ಅಲ್ಲೇ ಕೂರಿಸುವುದಾದರೆ ಹೊರಗೆ ನಿಲ್ಲಿಸಿದ್ದಕ್ಕೂ ಅದಕ್ಕೂ ವ್ಯತ್ಯಾಸವಿಲ್ಲ.

ಮಗು ಅಳುವಾಗ ಸುತ್ತ ಇರುವವರು ಮುಂದಕ್ಕೆ ನೋಡುತ್ತಾ ಆರಾಧನೆ ಮುಂದುವರಿಸಲಿ. ಬುದ್ಧಿವಾದ ಬೇಡ. "ಚೀಲ ನಾನು ಹಿಡಿದುಕೊಳ್ಳಲಾ ಅಕ್ಕಾ?" ಎಂದು ಒಬ್ಬರು ಕೇಳಿದರೆ ಆ ತಾಯಿಗೆ ಅಷ್ಟೇ ದೊಡ್ಡ ಉಪಕಾರ. ಅಂದಹಾಗೆ, ಈ ಮಕ್ಕಳ ಅಣ್ಣ ತಂಗಿಯರನ್ನು ಯಾರೂ ಮಾತಾಡಿಸುವುದಿಲ್ಲ. ಅವರನ್ನೂ ಹೆಸರು ಹಿಡಿದು ಕರೆಯಿರಿ.

ಪ್ರಶ್ನೆ: ನಮ್ಮ ಚರ್ಚಿನ ಮುಂದೆ ಮೂರು ಮೆಟ್ಟಿಲು, ಒಟ್ಟು 45 ಸೆಂ.ಮೀ. ಎತ್ತರ. ಗಾಲಿಕುರ್ಚಿಯಲ್ಲಿ ಬರುವವರನ್ನು ನಾಲ್ವರು ಎತ್ತಿ ಒಳಗೆ ತರುತ್ತೇವೆ. ರ್‍ಯಾಂಪ್ ಬೇಕೇ ಬೇಕೇ? – ಸಭಾ ಹಿರಿಯರೊಬ್ಬರು

ಉತ್ತರ: ಬೇಕೇ ಬೇಕು. ಎತ್ತುವಾಗ ಕೈಹಿಡಿ, ಕಾಲಿಡುವ ಪಟ್ಟಿ ಕಳಚಿ ಬಂದರೆ ಕುರ್ಚಿ ಸಮೇತ ಬೀಳುತ್ತಾರೆ. ಬ್ಯಾಟರಿ ಕುರ್ಚಿಗಳಲ್ಲಿ ಅನೇಕವು ನೂರು ಕಿಲೋ ಮೀರಿರುತ್ತವೆ. ಅದಕ್ಕಿಂತ ಮುಖ್ಯವಾಗಿ, ತಾನಾಗಿ ಬಂದು ತಾನಾಗಿ ಹೋಗುವ ಸ್ವಾತಂತ್ರ್ಯ ಅವರಿಗೆ ಉಳಿಯುವುದಿಲ್ಲ.

ಲೆಕ್ಕ ಸುಲಭ. ಪ್ರತಿ 1 ಸೆಂ.ಮೀ. ಎತ್ತರಕ್ಕೆ ಕನಿಷ್ಠ 12 ಸೆಂ.ಮೀ. ಉದ್ದ. ನಿಮ್ಮ 45 ಸೆಂ.ಮೀ.ಗೆ 5.4 ಮೀಟರ್. ಜಾಗ ಇದ್ದರೆ ಒಂದಕ್ಕೆ ಹದಿನೈದರಂತೆ 6.75 ಮೀಟರ್ ಮಾಡಿಸಿ, ಕುರ್ಚಿಯನ್ನು ತಾವೇ ತಳ್ಳಿಕೊಂಡು ಬರುವವರ ತೋಳಿಗೆ ಅಷ್ಟು ಹಗುರ. ಅಗಲ 120 ಸೆಂ.ಮೀ. ಇರಲಿ. ಎರಡೂ ಬದಿಗೆ ಸುಮಾರು 90 ಸೆಂ.ಮೀ. ಎತ್ತರದ ಹಿಡಿಕಂಬಿ, ಚಕ್ರ ಅಂಚಿನಿಂದ ಜಾರದಂತೆ 10 ಸೆಂ.ಮೀ. ಕಟ್ಟೆ. ಮೇಲೆ, ಕೆಳಗೆ ಒಂದೂವರೆ ಮೀಟರ್ ಚೌಕದ ಸಮತಟ್ಟು ಜಾಗ ಬಿಡಬೇಕು. ಎಡವುವುದು ಇಲ್ಲೇ: ಇಳಿಜಾರು ಬಾಗಿಲವರೆಗೂ ಹೋಗಿ, ಬಾಗಿಲು ಹೊರಕ್ಕೆ ತೆರೆಯುವುದಾದರೆ, ಕುರ್ಚಿಯಲ್ಲಿರುವವರು ಒಂದು ಕೈಯಲ್ಲಿ ಬಾಗಿಲು ಎಳೆಯುತ್ತಾ ಹಿಂದಕ್ಕೆ ಜಾರುತ್ತಾರೆ. ನುಣುಪಾದ ಟೈಲ್ಸ್ ಹಾಕಿಸಬೇಡಿ, ಮಳೆ ಬಿದ್ದರೆ ಅಪಾಯ. ಒರಟು ಸಿಮೆಂಟು ಸಾಕು.

ಒಳಗೆ ಬಂದ ಮೇಲೆ? ಕುರ್ಚಿ ನಡುದಾರಿಯಲ್ಲಿ ನಿಂತರೆ ಎಲ್ಲರಿಗೂ ಅಡ್ಡ ಎಂಬ ಮುಜುಗರ. ಮೂರನೇ ಅಥವಾ ನಾಲ್ಕನೇ ಸಾಲಿನ ಬೆಂಚಿನ ತುದಿಯನ್ನು 90 ಸೆಂ.ಮೀ. ಕತ್ತರಿಸಿ ಜಾಗ ಮಾಡಿ, ಮನೆಯವರ ಪಕ್ಕದಲ್ಲೇ ಕೂರಬಹುದು. ಶೌಚಾಲಯದ ಬಾಗಿಲನ್ನೂ ಅಳೆಯಿರಿ, ತೆರೆದಾಗ 80 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಕುರ್ಚಿ ಹೋಗುವುದು ಕಷ್ಟ. ಮಾರ್ಕನ ಸುವಾರ್ತೆ 2ನೇ ಅಧ್ಯಾಯದಲ್ಲಿ ನಾಲ್ವರು ಚಾವಣಿ ತೆಗೆದು ಪಾರ್ಶ್ವವಾಯು ರೋಗಿಯನ್ನು ಇಳಿಸಿದ್ದು ಬಾಗಿಲಲ್ಲಿ ಜನ ದಾರಿ ಕಟ್ಟಿದ್ದರಿಂದ. ಹಿರಿಯರೇ, ಆ ದಾರಿ ಬಿಡಿಸುವುದು ನಿಮ್ಮ ಕೈಯಲ್ಲಿದೆ.

ಪ್ರಶ್ನೆ: ಕಿವಿ ಮಂದವಾದ ಹಿರಿಯರಿಗಾಗಿ ಸೌಂಡ್ ಹೆಚ್ಚಿಸಿದೆವು. ಆದರೂ ಪ್ರಸಂಗ ತಿಳಿಯುತ್ತಿಲ್ಲ ಅನ್ನುತ್ತಾರೆ.

ಉತ್ತರ: ವಯಸ್ಸಾದಂತೆ ಮೊದಲು ಕೇಳಿಸದಂತಾಗುವುದು ತೀಕ್ಷ್ಣ ಸದ್ದುಗಳು. ಸ, ಶ, ತ, ಕ ಗಳ ವ್ಯತ್ಯಾಸ ಅಳಿಸಿಹೋಗುತ್ತದೆ. ಸೌಂಡ್ ಏರಿಸಿದರೆ ಪ್ರತಿಧ್ವನಿಯೂ ಏರುತ್ತದೆ, ಮಾತು ಇನ್ನಷ್ಟು ಕಲಸುತ್ತದೆ. ಮಾತನಾಡುವವರೆಲ್ಲರೂ ಮೈಕ್ ಹಿಡಿಯಲಿ, "ನನ್ನ ದನಿ ದೊಡ್ಡದು" ಎನ್ನುವವರೂ. ಮುಖದ ಮೇಲೆ ಬೆಳಕು ಬೀಳಲಿ, ಮೈಕ್ ಬಾಯಿ ಮುಚ್ಚದಿರಲಿ. ಶ್ರವಣಯಂತ್ರದಲ್ಲಿ ಟೆಲಿಕಾಯಿಲ್ (ತಂತಿಯಿಂದ ಬರುವ ಸಂಕೇತ ಹಿಡಿಯುವ ಪುಟ್ಟ ಸುರುಳಿ) ಇರುವವರು ಹೆಚ್ಚಿದ್ದರೆ ಇಂಡಕ್ಷನ್ ಲೂಪ್ ಹಾಕಿಸಿ. ಸಭಾಂಗಣದ ಸುತ್ತ ಎಳೆದ ತಂತಿ ಮೈಕಿನ ಮಾತನ್ನು ನೇರವಾಗಿ ಅವರ ಯಂತ್ರಕ್ಕೆ ಮುಟ್ಟಿಸುತ್ತದೆ.

ಪ್ರಶ್ನೆ: ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಅಂಗಗಳ ಚಲನೆ ಹಿಡಿತಕ್ಕೆ ಸಿಗದ ಸ್ಥಿತಿ) ಇರುವ ನನ್ನ ಮಗಳಿಗೆ ಹತ್ತೊಂಬತ್ತು. ಪ್ರತಿ ವಾರ ಯಾರಾದರೂ ಬಂದು ತಲೆಯ ಮೇಲೆ ಕೈಯಿಟ್ಟು ಸ್ವಸ್ಥತೆಗಾಗಿ ಪ್ರಾರ್ಥಿಸುತ್ತಾರೆ. ಅವಳಿಗೆ ಇಷ್ಟವಿಲ್ಲ. ನಮಗೆ ವಿಶ್ವಾಸ ಸಾಲದು ಎಂದೂ ಒಬ್ಬರು ಹೇಳಿದರು. ಕರ್ತನ ಭೋಜನದಲ್ಲಿ ಅವಳಿಗೆ ನುಂಗುವುದೂ ಕಷ್ಟ. – ಒಬ್ಬ ತಂದೆ

ಉತ್ತರ: ಹುಟ್ಟು ಕುರುಡನನ್ನು ನೋಡಿ ಯಾರ ಪಾಪವಿದು ಎಂದು ಶಿಷ್ಯರು ಕೇಳಿದಾಗ ಯೇಸು ಅವನದೂ ಅಲ್ಲ, ತಂದೆತಾಯಿಯದೂ ಅಲ್ಲ ಎಂದುಬಿಟ್ಟ (ಯೋಹಾನ 9). ನಿಮ್ಮನ್ನು ಹಾಗೆ ನೋಯಿಸಿದವರು ತಪ್ಪು ಮಾಡಿದ್ದಾರೆ. ಪಾಸ್ಟರ್‌ಗೆ ಹೇಳಿ, ಅವರೇ ಸಭೆಗೆ ಒಂದು ಮಾತು ತಿಳಿಸಲಿ: ಮೊದಲು ಕೇಳಿ, ಅವಳನ್ನೇ ಕೇಳಿ, ಬೇಡ ಎಂದರೆ ಬಿಡಿ. ಉತ್ತರ ಹೇಳಲು ಅವಳಿಗೆ ಅರ್ಧ ನಿಮಿಷ ಹಿಡಿದರೆ ಕಾಯಿರಿ, ಅವಳ ಪರವಾಗಿ ವಾಕ್ಯ ಮುಗಿಸಬೇಡಿ. "ನಿನಗಾಗಿ ಏನೆಂದು ಪ್ರಾರ್ಥಿಸಲಿ?" ಎಂದರೆ ಅವಳು ಪರೀಕ್ಷೆಯ ಬಗ್ಗೆ ಹೇಳಬಹುದು, ಗೆಳತಿಯ ಬಗ್ಗೆ ಹೇಳಬಹುದು.

ಭೋಜನದ ಬಗ್ಗೆ: ಅವಳಿಗೆ ಯಾವುದು ಸಲೀಸು ಎಂದು, ನುಂಗುವ ತೊಂದರೆಯನ್ನೂ ನೋಡುವ ವಾಕ್ ಚಿಕಿತ್ಸಕರನ್ನು ಕೇಳಿ ಪಾಸ್ಟರ್‌ಗೆ ಮೊದಲೇ ತಿಳಿಸಿ. ಒಣ ರೊಟ್ಟಿಯ ಪುಡಿ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ, ತೆಳು ದ್ರವ ಶ್ವಾಸನಾಳಕ್ಕೆ ಜಾರಬಹುದು. ಕಡ್ಲೆಬೇಳೆಯಷ್ಟು ಚೂರನ್ನು ದ್ರಾಕ್ಷಾರಸದಲ್ಲಿ ನೆನೆಸಿ ಕೊಡುವುದು ಕೆಲವರಿಗೆ ಹೊಂದುತ್ತದೆ. ಬೆನ್ನು ನೇರ, ಗದ್ದ ತುಸು ಕೆಳಗೆ ಇರಲಿ. ಕೊಡುವವರು ಅವಳ ಕಣ್ಣಿನ ಮಟ್ಟಕ್ಕೆ ಬಗ್ಗಿ ಕೊಡಲಿ, ನಿಂತು ಮೇಲಿಂದ ಕೊಟ್ಟರೆ ಅವಳ ತಲೆ ಹಿಂದಕ್ಕೆ ವಾಲುತ್ತದೆ.

ಪ್ರಶ್ನೆ: ನಮ್ಮಲ್ಲಿ ದೃಷ್ಟಿ ಇಲ್ಲದ ಯುವಕನೊಬ್ಬ ಸತ್ಯವೇದ ಪಾಠ ಓದಲು ಕೇಳುತ್ತಿದ್ದಾನೆ. ಸಾಧ್ಯವೇ?

ಉತ್ತರ: ಖಂಡಿತ, ಕೂಡಲೇ ಹೆಸರು ಹಾಕಿ. ದೇಹದಲ್ಲಿ ಬಲಹೀನವೆಂದು ತೋರುವ ಅಂಗಗಳೇ ಅವಶ್ಯವಾದವು ಎಂದು ಪೌಲ ಕೊರಿಂಥದವರಿಗೆ ಬರೆದದ್ದು ಇಂಥ ಕಡೆ ನಿಜವಾಗಬೇಕು. ಬ್ರೈಲ್ ಬರುತ್ತದೆಯೋ, ಫೋನಿನಲ್ಲಿ ಕೇಳಿ ಕಂಠಪಾಠ ಮಾಡುತ್ತಾನೋ ಅವನನ್ನೇ ಕೇಳಿ. ಪಾಠವನ್ನು ಮೂರು ನಾಲ್ಕು ದಿನ ಮುಂಚೆ ಟೈಪ್ ಮಾಡಿದ ಅಕ್ಷರದಲ್ಲಿ ಕಳಿಸಿ. ಪುಟದ ಫೋಟೊ ತೆಗೆದು ಕಳಿಸಿದರೆ ಅವನ ಫೋನು ಅದನ್ನು ಸರಿಯಾಗಿ ಓದಿ ಹೇಳುವ ಭರವಸೆಯಿಲ್ಲ. ಶನಿವಾರ ವೇದಿಕೆಯ ತನಕ ಒಮ್ಮೆ ನಡೆದು ನೋಡಲಿ. ಜೊತೆ ಹೋಗುವವರು ಅವನ ತೋಳು ಹಿಡಿದು ಎಳೆಯಬಾರದು, ಅವನೇ ಇವರ ಮೊಣಕೈ ಹಿಡಿಯಲಿ. ಅದಾದ ಮೇಲೆ ಭಾನುವಾರ ಬೆಳಿಗ್ಗೆ ಯಾರೂ ಮೈಕ್ ಸ್ಟ್ಯಾಂಡ್ ಸರಿಸದಂತೆ ನೋಡಿಕೊಳ್ಳಿ.