ಮನೆ, ಮಕ್ಕಳು, ಉದ್ಯೋಗಗಳ ಗಡಿಬಿಡಿಯಲ್ಲಿ ಮರದ ಚಮಚ ಕೆತ್ತುವ ಹವ್ಯಾಸ ನೆಮ್ಮದಿ ಕೊಡುತ್ತದೆಯೇ?

ಇಬ್ಬರು ಚಿಕ್ಕ ಮಕ್ಕಳಿದ್ದು, ದಿನಕ್ಕೆ ಅರ್ಧ ಗಂಟೆಯ ಬಿಡುವೂ ಖಚಿತವಿಲ್ಲದವರು ಈ ಕೆಲಸವನ್ನು ಆರಂಭಿಸಬಹುದೇ, ಇದರಿಂದ ಮನಸ್ಸು ನಿಜವಾಗಿಯೂ ಹಗುರವಾಗುತ್ತದೆಯೇ ಎಂದು ಕೇಳಿದ್ದೀರಿ. ನಾನು ಆರು ವರ್ಷಗಳಿಂದ ಚಮಚ ಕೆತ್ತುತ್ತಿದ್ದೇನೆ. ನಮ್ಮ ಮನೆಯಲ್ಲಿಯೂ ಇಬ್ಬರು ಮಕ್ಕಳು ಮತ್ತು ಆರೈಕೆ ಬೇಕಾದ ಹಿರಿಯರೊಬ್ಬರು ಇದ್ದಾರೆ. ಧಾರಾಳವಾಗಿ ಆರಂಭಿಸಬಹುದು ಎಂಬುದು ನನ್ನ ಉತ್ತರ. ನೆಮ್ಮದಿಯ ವಿಷಯಕ್ಕೆ ಮಾತ್ರ ಒಂದು ಷರತ್ತು ಇದೆ, ಅದನ್ನು ಮುಂದೆ ಹೇಳುತ್ತೇನೆ.

ಈ ಕೆಲಸ ಸಂಸಾರಸ್ಥರಿಗೆ ಹೊಂದುವುದು ಇದನ್ನು ಯಾವ ಕ್ಷಣದಲ್ಲಾದರೂ ನಿಲ್ಲಿಸಬಹುದಾದ್ದರಿಂದ. ಹತ್ತು ನಿಮಿಷ ಕೆತ್ತಿ ಎದ್ದು ಹೋದರೆ ಏನೂ ಕೆಡುವುದಿಲ್ಲ, ಮರ ಒಣಗದಂತೆ ನೋಡಿಕೊಂಡರೆ ಸಾಕು. ಅರ್ಧ ಕೆತ್ತಿದ ಚಮಚವನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಸುತ್ತಿ ಫ್ರೀಜರ್‌ನಲ್ಲಿ ಇಟ್ಟರೆ ವಾರಗಳ ನಂತರವೂ ಅದು ಹಸಿಯಾಗಿಯೇ ಇರುತ್ತದೆ. (ಫ್ರೀಜರ್‌ನಲ್ಲಿ ಕಟ್ಟಿಗೆ ಏಕಿದೆ ಎಂದು ಮನೆಯವರು ಕೇಳುವುದು ಮೊದಲ ತಿಂಗಳಿಗಷ್ಟೇ.)

ಒಣಗಿದ ಮರಕ್ಕಿಂತ ಹಸಿ ಮರ ಬಹಳ ಮೃದುವಾಗಿರುವುದರಿಂದ, ಆಗಷ್ಟೇ ಸವರಿದ ಕೊಂಬೆಯೊಂದು ಸಿಕ್ಕಿದರೆ ಅದನ್ನೇ ಬಳಸಿ. ಆದರೆ ಅದು ಯಾವ ಮರವೆಂದು ಗೊತ್ತಿರಬೇಕು, ಏಕೆಂದರೆ ಕಣಗಿಲೆಯಂತಹ ವಿಷದ ಗಿಡಗಳಿಂದ ಚಮಚ ಮಾಡಬಾರದು. ಕೊಂಬೆಯನ್ನು ಉದ್ದಕ್ಕೆ ಗರಗಸದಿಂದ ಕೊಯ್ಯುವ ಬದಲು ಸೀಳಬೇಕು. ಸೀಳಿದಾಗ ಮರ ತನ್ನ ಎಳೆಗಳ ಗುಂಟವೇ ಬಿಚ್ಚಿಕೊಳ್ಳುವುದರಿಂದ ಎಳೆಗಳು ತುಂಡಾಗದೆ ಚಮಚದ ಹಿಡಿಯ ಉದ್ದಕ್ಕೂ ಹರಿಯುತ್ತವೆ, ಹಿಡಿ ತೆಳುವಾದರೂ ಗಟ್ಟಿಯಾಗಿರುತ್ತದೆ. ಕೊಂಬೆಯ ನಟ್ಟನಡುವಿನ ತಿರುಳನ್ನು ಪೂರ್ತಿಯಾಗಿ ತೆಗೆದುಬಿಡಿ, ಇಲ್ಲವಾದರೆ ಒಣಗುವಾಗ ಬಿರುಕು ಸಾಮಾನ್ಯವಾಗಿ ಅಲ್ಲಿಂದಲೇ ಶುರುವಾಗುತ್ತದೆ.

ನನ್ನ ಅನುಭವದಲ್ಲಿ ಮನಸ್ಸು ತಣಿಯುವುದು ಈ ಎಳೆಗಳನ್ನು ಓದುವಾಗ. ಚಮಚದ ಬೆನ್ನನ್ನು ಉಬ್ಬಿದ ಭಾಗದಿಂದ ತುದಿಯ ಕಡೆಗೆ ಕೆತ್ತಿದರೆ ಚಾಕು ರೇಷ್ಮೆಯಂತಹ ಸುರುಳಿಗಳನ್ನು ಎಬ್ಬಿಸುತ್ತದೆ. ಅದೇ ಜಾಗದಲ್ಲಿ ಎದುರು ದಿಕ್ಕಿನಿಂದ ಬಂದರೆ ಅಲಗು ಎಳೆಗಳ ಒಳಗೆ ನುಗ್ಗಿ ಸಿಬಿರು ಏಳುತ್ತದೆ. ಹಿಡಿಯೂ ಗುಳಿಯೂ ಸೇರುವ ಕತ್ತಿನ ಬಳಿ ಎರಡೂ ಕಡೆಯಿಂದ ಇಳಿಜಾರಿನಲ್ಲಿ ಬಂದು ತಗ್ಗಿನಲ್ಲಿ ನಿಲ್ಲಬೇಕು. ಗುಳಿಯನ್ನು ಮೊದಲು ಎಳೆಗಳಿಗೆ ಅಡ್ಡವಾಗಿ ತೋಡುವುದು ಸುಲಭ. ಒಂದೊಂದು ಏಟಿಗೂ ಇಷ್ಟನ್ನು ಗಮನಿಸಬೇಕಾಗಿರುವಾಗ, ನಾಳೆಯ ಶಾಲೆಯ ಶುಲ್ಕವೂ ಕಚೇರಿಯ ಮಿಂಚಂಚೆಯೂ ತಲೆಯೊಳಗೆ ಬರಲು ಜಾಗವೇ ಇರುವುದಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಸ್ವೀಡನ್‌ನ ಆಟೋ ಸಾಲೊಮನ್ ಅವರು ‘ಸ್ಲಾಯ್ಡ್’ ಎಂಬ ಕರಕುಶಲ ಶಿಕ್ಷಣವನ್ನು ರೂಪಿಸಿದ್ದು ಬಡಗಿಗಳನ್ನು ತಯಾರಿಸಲಿಕ್ಕಲ್ಲ. ಮಕ್ಕಳಲ್ಲಿ ಏಕಾಗ್ರತೆ, ಸ್ವಾವಲಂಬನೆಗಳನ್ನು ಬೆಳೆಸಲು ಅವರು ಚಾಕುವನ್ನೂ ಮರವನ್ನೂ ಆರಿಸಿಕೊಂಡಿದ್ದರು. ಅದರ ಅರ್ಥ ನನಗೆ ತಿಳಿದದ್ದು ಮೂರನೆಯದೋ ನಾಲ್ಕನೆಯದೋ ಚಮಚದ ಹೊತ್ತಿಗೆ.

ಇನ್ನು ಆ ಷರತ್ತು. ಸಿಟ್ಟು ಬಂದಾಗ ಅಥವಾ ನಿದ್ದೆ ಕಣ್ಣಿಗೆ ಎಳೆಯುತ್ತಿರುವಾಗ ಚಾಕು ಹಿಡಿಯಬಾರದು. ಜಗಳವಾದ ಒಂದು ರಾತ್ರಿ ಸಮಾಧಾನಕ್ಕೆಂದು ಕೆತ್ತಲು ಕುಳಿತ ನಾನು, ಮಗಳು ಕರೆದಾಗ ಚಾಕು ಕೈಯಲ್ಲಿರುವಂತೆಯೇ ತಿರುಗಿ ನೋಡಿದೆ; ಎಡಗೈ ಹೆಬ್ಬೆರಳಿಗೆ ನಾಲ್ಕು ಹೊಲಿಗೆ ಬಿದ್ದವು. ಅಂದಿನಿಂದ ಯಾರು ಕರೆದರೂ ಮೊದಲು ಚಾಕುವನ್ನು ಒರೆಗೆ ಸೇರಿಸುತ್ತೇನೆ, ಅನಂತರ ಓಗೊಡುತ್ತೇನೆ. ತೊಡೆಗಳ ನಡುವೆ ಮರವನ್ನಿಟ್ಟು ಎಂದೂ ಕೆತ್ತಬೇಡಿ, ಏಕೆಂದರೆ ತೊಡೆಯ ಒಳಭಾಗದಲ್ಲಿ ದೊಡ್ಡ ರಕ್ತನಾಳ ಹಾದುಹೋಗುತ್ತದೆ. ಕೈಗೊಡಲಿಯ ಕೆಲಸವನ್ನು ಮಕ್ಕಳು ಹತ್ತಿರದಲ್ಲಿ ಇಲ್ಲದಿರುವಾಗ ಮಾತ್ರ ಮಾಡಿ ಮುಗಿಸಿಕೊಳ್ಳಿ.

ಸಲಕರಣೆಗಳ ವಿಷಯ ಹೆಚ್ಚೇನೂ ಇಲ್ಲ. ನನ್ನ ಬಳಿ ಇರುವುದು 60 ಮಿಲಿಮೀಟರ್ ಅಲಗಿನ ಮೋರಾ 120 ಚಾಕು, ಗುಳಿ ತೋಡಲು ಅದೇ ಕಂಪನಿಯ 164 ಎಂಬ ಬಾಗಿದ ಚಾಕು, ಒಂದು ಸಣ್ಣ ಕೈಗೊಡಲಿ ಮತ್ತು ಒಂದು ಗರಗಸ. ಇವುಗಳಿಗಿಂತ ಮುಖ್ಯವಾದದ್ದು ಹಲಗೆಗೆ ಅಂಟಿಸಿದ ಚರ್ಮದ ಪಟ್ಟಿ. ಅಲಗನ್ನು ಆಗಾಗ ಅದರ ಮೇಲೆ ಹಿಮ್ಮುಖವಾಗಿ ಎಳೆದು ಮಸೆಯುತ್ತಿರಬೇಕು, ಏಕೆಂದರೆ ಮೊಂಡು ಚಾಕುವಿಗೆ ಬಲ ಹಾಕಬೇಕಾಗುತ್ತದೆ, ಬಲ ಹಾಕಿದ ಚಾಕು ಜಾರುತ್ತದೆ.

ಕೆತ್ತಿ ಮುಗಿದ ಚಮಚವನ್ನು ಬಿಸಿಲಿಗಿಡದೆ, ಕೆತ್ತಿದ ಚೂರುಗಳ ಜೊತೆಗೇ ಕಾಗದದ ಚೀಲದಲ್ಲಿ ಹಾಕಿ ಒಂದೆರಡು ವಾರ ನಿಧಾನವಾಗಿ ಆರಲು ಬಿಡಿ. ಉಪ್ಪುಕಾಗದದಿಂದ ಉಜ್ಜುವುದನ್ನು ನಾನು ಬಿಟ್ಟಿದ್ದೇನೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1995ರಲ್ಲಿಯೇ ಮರದ ಧೂಳನ್ನು ಕ್ಯಾನ್ಸರ್‌ಕಾರಕಗಳ ಸಾಲಿಗೆ ಸೇರಿಸಿದೆ, ಮಕ್ಕಳು ಓಡಾಡುವ ಕೋಣೆಯಲ್ಲಿ ಆ ಧೂಳು ಬೇಡ. ಹರಿತವಾದ ಚಾಕುವಿನ ಕೊನೆಯ ತೆಳು ಸವರಿಕೆಯೇ ಸಾಕಷ್ಟು ನುಣುಪು ಕೊಡುತ್ತದೆ. ನಂತರ ಶುದ್ಧ ಅಗಸೆ ಎಣ್ಣೆ ಸವರಿ. ಆ ಎಣ್ಣೆಯ ಬಟ್ಟೆಯನ್ನು ಮುದ್ದೆ ಮಾಡಿ ಎಸೆದರೆ ತಾನಾಗಿಯೇ ಹೊತ್ತಿಕೊಳ್ಳುವ ಅಪಾಯವಿದೆ, ಆದ್ದರಿಂದ ಅದನ್ನು ಹೊರಗೆ ಹರವಿ ಪೂರ್ತಿ ಒಣಗಿಸಿದ ಮೇಲಷ್ಟೇ ಎಸೆಯಿರಿ.

ಮೊದಲ ಪ್ರಯತ್ನಕ್ಕೆ ಚಮಚದ ಬದಲು, ಗುಳಿಯೇ ಇಲ್ಲದ ಚಪ್ಪಟೆ ಮಗುಚುವ ಕೈಯೊಂದನ್ನು ಕೆತ್ತಿ ನೋಡಿ. ಅದಕ್ಕೆ ಬಾಗಿದ ಚಾಕು ಬೇಕಾಗುವುದಿಲ್ಲ. ನಾಲ್ಕಾರು ಸಂಜೆಗಳ ತುಣುಕು ಬಿಡುವಿನಲ್ಲಿ ಅದು ಮುಗಿಯುವಷ್ಟರಲ್ಲಿ, ಈ ಕೆಲಸ ನಿಮಗೆ ಒಗ್ಗುತ್ತದೆಯೋ ಇಲ್ಲವೋ ನಿಮಗೇ ತಿಳಿದಿರುತ್ತದೆ.