ಪೋರ್ಟ್ ಬ್ಲೇರ್‌ಗೆ ವರ್ಗವಾಗಿದೆ. ಊರು, ಹವೆ, ಜನ ಹೇಗೆ?

ನಿಮ್ಮ ಪ್ರಶ್ನೆ ನೋಡಿದ ಕೂಡಲೇ ಬರೆಯಲು ಕೂತೆ. ಗದಗದವರು, ಯಜಮಾನರಿಗೆ ವರ್ಗವಾಗಿದೆ, ಮೇ ಕೊನೆಗೆ ಇಬ್ಬರು ಮಕ್ಕಳನ್ನು ಕರೆದುಕೊಂಡು ಹೋಗಬೇಕು ಎಂದಿದ್ದೀರಿ. ನಾನು ಹಾವೇರಿ ಕಡೆಯವಳು. 2009ರಿಂದ 2015ರವರೆಗೆ ಅಲ್ಲಿ ಸಂಸಾರ ಮಾಡಿದ್ದೇನೆ. ಬೀಚು, ಸ್ಕೂಬಾ, ಹೋಟೆಲುಗಳ ವಿಚಾರ ಯೂಟ್ಯೂಬಿನಲ್ಲಿ ಬೇಕಾದಷ್ಟಿದೆ. ಅಲ್ಲಿ ಮನೆ ಮಾಡಿ ಬದುಕುವವರಿಗೆ ಬೇಕಾದದ್ದನ್ನು ಮಾತ್ರ ಹೇಳುತ್ತೇನೆ.

ಮೊದಲು ಹೆಸರು. 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಊರಿಗೆ ಶ್ರೀ ವಿಜಯಪುರಂ ಎಂದು ಹೆಸರಿಟ್ಟಿತು. ಕಾಗದಪತ್ರದಲ್ಲಿ ಅದೇ ಇರುತ್ತದೆ, ಗಾಬರಿಯಾಗಬೇಡಿ. ನನ್ನ ಬಾಯಿಗೆ ಹಳೆಯ ಹೆಸರೇ ಬರುತ್ತದೆ, ಹಾಗೇ ಬರೆಯುತ್ತೇನೆ. ಅಂಡಮಾನ್ ನಿಕೋಬಾರ್‌ನಲ್ಲಿ 800ಕ್ಕೂ ಹೆಚ್ಚು ದ್ವೀಪ, ನಡುಗಡ್ಡೆ, ಬಂಡೆಗಳಿವೆ. ಪುರಸಭೆ ಇರುವುದು ಇದೊಂದೇ ಊರಿಗೆ. 1957ರಿಂದ ಇದೆ. ಅಲ್ಲಿ ವಿಧಾನಸಭೆ ಇಲ್ಲ, ಎಂಎಲ್‌ಎ ಇಲ್ಲ. ಹಾಗಾಗಿ ವಾರ್ಡಿನ ಕೌನ್ಸಿಲರ್ ಅಂದರೆ ದೊಡ್ಡ ಮನುಷ್ಯ. ಬೀದಿದೀಪ, ಚರಂಡಿ, ನೀರು ಎಲ್ಲಕ್ಕೂ ಜನ ಅವರ ಮನೆ ಬಾಗಿಲಿಗೇ ಹೋಗುತ್ತಾರೆ. ಊರಿನ ಜನ ಸುಮಾರು ಒಂದು ಲಕ್ಷ, ಗದಗ-ಬೆಟಗೇರಿಗಿಂತ ಸಣ್ಣದು.

ಆದರೆ ಗದಗದ ಹಾಗೆ ಸಪಾಟು ನೆಲ ಒಂದು ಫರ್ಲಾಂಗೂ ಸಿಗುವುದಿಲ್ಲ. ಏರು, ಇಳಿಜಾರು, ಮತ್ತೆ ಏರು. ಯಾಕೆಂದರೆ ಈ ದ್ವೀಪಗಳೆಲ್ಲ ಸಮುದ್ರದಲ್ಲಿ ಮುಳುಗಿರುವ ಒಂದು ಬೆಟ್ಟಸಾಲಿನ ತುದಿಗಳು. ಬರ್ಮಾದ ಅರಕಾನ್ ಬೆಟ್ಟಸಾಲೇ ಸಮುದ್ರದೊಳಗೆ ಇಳಿದು ದಕ್ಷಿಣಕ್ಕೆ ಹೋಗಿದೆ. ನಾವು ಸಮುದ್ರ ತೀರ ಅಂದುಕೊಂಡು ನಿಂತಿರುವುದು ಬೆಟ್ಟದ ಮೇಲೆ. ಹಳೆಯ ಕೆಂಪು ಇಪ್ಪತ್ತು ರೂಪಾಯಿ ನೋಟಿನ ಹಿಂದೆ ತೆಂಗಿನಮರ, ಸಮುದ್ರ, ಆಚೆ ಗುಡ್ಡ ಇರುವ ಚಿತ್ರ ನೆನಪಿದೆಯಾ? ಅದು ಪೋರ್ಟ್ ಬ್ಲೇರ್‌ನಿಂದ ಮೌಂಟ್ ಹ್ಯಾರಿಯೆಟ್ ಕಡೆ ನೋಡಿದರೆ ಕಾಣುವ ನೋಟ. ನಮ್ಮ ಬಾಡಿಗೆ ಮನೆಯ ಹಿತ್ತಲಿನಿಂದಲೂ ಅದೇ ಗುಡ್ಡ ಕಾಣುತ್ತಿತ್ತು. ಮೊದಲ ದಿನ ಮಗಳು ಪರ್ಸಿನಿಂದ ನೋಟು ತೆಗೆದು ಎತ್ತಿ ಹಿಡಿದು ಹೋಲಿಸಿ ನೋಡಿದ್ದಳು.

ಭಾರತದ ಭೂಫಲಕ ಬರ್ಮಾದ ಫಲಕದ ಕೆಳಗೆ ನುಗ್ಗುವ ಜಾಗವೂ ಅದೇ. ಭೂಮಿ ಆಗಾಗ ಸಣ್ಣಗೆ ನಡುಗುತ್ತದೆ. 2004ರ ಡಿಸೆಂಬರ್ 26ರ ದೊಡ್ಡ ಭೂಕಂಪ, ಸುನಾಮಿ ಎಲ್ಲರಿಗೂ ಗೊತ್ತು. ಅವತ್ತು ಪೋರ್ಟ್ ಬ್ಲೇರ್ ಸುತ್ತಲಿನ ನೆಲವೇ ಸುಮಾರು ಒಂದು ಮೀಟರ್ ಕುಸಿಯಿತು ಎನ್ನುವುದು ಅಷ್ಟಾಗಿ ಗೊತ್ತಿಲ್ಲ. ಊರಾಚೆ ಸಿಪ್ಪಿಘಾಟ್ ಎಂಬಲ್ಲಿ ಗದ್ದೆಗಳಿದ್ದವು. ಬಂದ ಉಪ್ಪುನೀರು ಹಿಂದೆ ಹೋಗಲೇ ಇಲ್ಲ. ಬಸ್ಸಿನಲ್ಲಿ ಹೋಗುವಾಗ ನೀರಿನ ಮಧ್ಯೆ ಒಣಗಿದ ತೆಂಗಿನ ಬೊಡ್ಡೆಗಳು ನಿಂತಿರುವುದನ್ನು ನೋಡುತ್ತಿದ್ದೆ. ಹೊಲ ಇರುವ ಮನೆಯಿಂದ ಬಂದವಳು ನಾನು. ಆ ಜಾಗ ದಾಟುವಾಗ ಪ್ರತಿ ಸಲವೂ ಹೊಟ್ಟೆಯಲ್ಲಿ ಏನೋ ಆಗುತ್ತಿತ್ತು. ಈಗ ಅಲ್ಲಿ ಹಕ್ಕಿಗಳು ಬರುತ್ತವೆ, ನೋಡಲು ಜನ ಹೋಗುತ್ತಾರೆ.

ಹಗಲು ರಾತ್ರಿಯ ಲೆಕ್ಕವೂ ಬೇರೆ. ಗಡಿಯಾರ ನಮ್ಮದೇ, ಆದರೆ ಊರು ದೂರ ಪೂರ್ವದಲ್ಲಿದೆ. ಗದಗಕ್ಕಿಂತ ಒಂದು ಗಂಟೆಗೂ ಮೊದಲೇ ಅಲ್ಲಿ ಬೆಳಕು ಹರಿಯುತ್ತದೆ. ಡಿಸೆಂಬರಿನಲ್ಲಿ ಸಂಜೆ ಐದಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ಮಕ್ಕಳು ಸಂಜೆ ಆಡಬೇಕೆಂದರೆ ಶಾಲೆಯಿಂದ ಬಂದ ಕೂಡಲೇ ಆಡಬೇಕು. ಬೆಳಿಗ್ಗೆ ಐದಕ್ಕೆ ಎದ್ದು ಕೆಲಸ ಮುಗಿಸುವುದು ನನಗೆ ಅಲ್ಲೇ ರೂಢಿಯಾಯಿತು, ಇವತ್ತಿಗೂ ಬಿಟ್ಟಿಲ್ಲ.

ಈಗ ಮಳೆ. ಪ್ರತಿ ವರ್ಷ ಮೇ ತಿಂಗಳಲ್ಲಿ ನಮ್ಮ ಪತ್ರಿಕೆಗಳಲ್ಲಿ "ಅಂಡಮಾನ್‌ಗೆ ಮುಂಗಾರು ಪ್ರವೇಶ" ಎಂದು ಬರುತ್ತದಲ್ಲ, ನೀವು ಅಲ್ಲಿ ಇಳಿಯುವುದೂ ಅದೇ ಹೊತ್ತಿಗೆ. ಕೇರಳಕ್ಕಿಂತ ಸುಮಾರು ಹತ್ತು ದಿನ ಮೊದಲೇ ಅಲ್ಲಿ ಹಿಡಿಯುತ್ತದೆ. ನೈಋತ್ಯ ಮಳೆ ಮುಗಿಯಿತು ಅನ್ನುವಷ್ಟರಲ್ಲಿ ಈಶಾನ್ಯ ಮಳೆ. ಎರಡೂ ಸೇರಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್. ನಿಮ್ಮ ಕಡೆ ನಾಲ್ಕೈದು ವರ್ಷ ಸುರಿಯುವುದು ಅಲ್ಲಿ ಒಂದೇ ವರ್ಷಕ್ಕೆ. ಚಳಿಗಾಲ ಎನ್ನುವುದಿಲ್ಲ. ಸ್ವೆಟರ್ ಕಟ್ಟಿಕೊಂಡು ಹೋಗಬೇಡಿ, ಬೂಸ್ಟು ಹಿಡಿಯುತ್ತದೆ ಅಷ್ಟೇ. ವರ್ಷವಿಡೀ 23ರಿಂದ 32 ಡಿಗ್ರಿ, ಬೆವರು ಆರುವುದೇ ಇಲ್ಲ. ಇನ್ನೊಂದು ಮಾತು, ಉತ್ತರ ಕರ್ನಾಟಕದವರಿಗೇ ಅರ್ಥವಾಗುವಂಥದ್ದು: ಖಡಕ್ ರೊಟ್ಟಿ ಎರಡೇ ದಿನಕ್ಕೆ ಮೆತ್ತಗಾಗುತ್ತದೆ. ಅವ್ವ ಡಬ್ಬಿ ತುಂಬ ಬಡಿದು ಕಳಿಸಿದ್ದಳು. ಮೂರನೇ ದಿನ ತೆಗೆದು ನೋಡಿ ಕಣ್ಣಲ್ಲಿ ನೀರು ಬಂತು. ಜೋಳದ ಹಿಟ್ಟು ಒಯ್ಯಿರಿ, ಆದರೆ ಸ್ವಲ್ಪ ಸ್ವಲ್ಪವೇ ಒಯ್ಯಿರಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಬೇಗ ಹುಳ ಬೀಳುತ್ತದೆ.

ಇಷ್ಟು ಮಳೆಯ ಊರಿನಲ್ಲಿ ನೀರಿಗೆ ತತ್ವಾರ ಎಂದರೆ ನೀವು ನಂಬಲಿಕ್ಕಿಲ್ಲ. ನಾನೂ ನಂಬಿರಲಿಲ್ಲ. ಬೆಟ್ಟ ಕಡಿದಾಗಿದೆ, ಮಣ್ಣಿನ ಪದರ ತೆಳು, ಕೆಳಗಿನ ಬಂಡೆ ನೀರು ಹೀರಿ ಇಟ್ಟುಕೊಳ್ಳುವುದಿಲ್ಲ. ಬಿದ್ದ ಮಳೆ ಕೆಲವೇ ಗಂಟೆಗಳಲ್ಲಿ ಸಮುದ್ರ ಸೇರುತ್ತದೆ. ದೊಡ್ಡ ನದಿ ಒಂದೂ ಇಲ್ಲ. ಊರು ಮುಖ್ಯವಾಗಿ ನಂಬಿರುವುದು ಧಾನಿಖಾರಿ ಅಣೆಕಟ್ಟನ್ನು. ಜನವರಿಯಿಂದ ಮಳೆ ನಿಲ್ಲುತ್ತದೆ. ಮಾರ್ಚ್ ಏಪ್ರಿಲ್ ಹೊತ್ತಿಗೆ ಅಣೆಕಟ್ಟು ತಳ ಕಾಣುತ್ತದೆ. ನಮ್ಮ ಓಣಿಗೆ ಕೆಲವು ಬೇಸಿಗೆಗಳಲ್ಲಿ ಮೂರು ದಿನಕ್ಕೊಮ್ಮೆ ನೀರು ಬರುತ್ತಿತ್ತು, ಅದೂ ಅರ್ಧ ಗಂಟೆ. ಹಿತ್ತಲಲ್ಲಿ ನೀಲಿ ಡ್ರಮ್ಮುಗಳ ಸಾಲು, ತಗಡಿನ ಮಾಡಿನ ಅಂಚಿಗೆ ಮಳೆನೀರು ಹಿಡಿಯುವ ದೋಣಿ ಕಟ್ಟಿ ಟ್ಯಾಂಕಿಗೆ ಪೈಪು. ಮೇ ತಿಂಗಳ ಮೊದಲ ಮಳೆ ಬಿದ್ದ ರಾತ್ರಿ ಓಣಿಯ ಮನೆಗಳಲ್ಲೆಲ್ಲ ದೀಪ ಹತ್ತುತ್ತಿತ್ತು. ಕೊಡ, ಬಕೆಟ್ಟು, ಪಾತ್ರೆ ಎಲ್ಲವನ್ನೂ ಹೊರಗಿಡುವ ಸದ್ದು. ಸಮುದ್ರ ಕಣ್ಣೆದುರಿಗೇ ಇರುವಾಗ ಜನ ನೀರಿಗಾಗಿ ಹಾಗೆ ಖುಷಿಪಡುವುದನ್ನು ನಾನು ಬೇರೆಲ್ಲೂ ನೋಡಿಲ್ಲ. ಆದ್ದರಿಂದ ಮನೆ ಹುಡುಕುವಾಗ ಕಿಟಕಿಯಿಂದ ಸಮುದ್ರ ಕಾಣುತ್ತದಾ ಎಂದು ನೋಡಬೇಡಿ. ಟ್ಯಾಂಕ್ ಎಷ್ಟು ಲೀಟರಿನದು, ಮಾಡಿನ ನೀರು ಅದಕ್ಕೆ ಬರುತ್ತದಾ ಎಂದು ನೋಡಿ.

ಸಾಮಾನೆಲ್ಲ ಹಡಗಿನಲ್ಲಿ ಬರಬೇಕು. ಚೆನ್ನೈ, ಕೋಲ್ಕತ್ತ, ವಿಶಾಖಪಟ್ಟಣದಿಂದ ಮೂರು ನಾಲ್ಕು ದಿನದ ದಾರಿ. ಸಮುದ್ರ ಕೆಟ್ಟು ಹಡಗು ತಡವಾದರೆ ಈರುಳ್ಳಿ, ಟೊಮೆಟೊ ಬೆಲೆ ಏರಿಯೇ ಬಿಡುತ್ತದೆ. ಮೀನು, ತೆಂಗು, ಬಾಳೆ, ಅಡಿಕೆಗೆ ಕೊರತೆ ಇಲ್ಲ. ಅಡಿಕೆ ತೋಟ ನೋಡಿದರೆ ಶಿರಸಿ ಕಡೆ ಬಂದೆವಾ ಅನಿಸುತ್ತದೆ.

ಇನ್ನು ಜನ. ನನಗೆ ನಿಜವಾಗಿ ಹೇಳಬೇಕೆನಿಸಿರುವುದು ಇದನ್ನೇ.

ನಮ್ಮಲ್ಲಿ ಯಾರಾದರೂ ಸಿಕ್ಕರೆ ಮೊದಲು ಕೇಳುವುದು "ನಿಮ್ಮೂರು ಯಾವುದು?" ಅಂತ, ಅಲ್ವಾ? ಅಲ್ಲಿಗೆ ಹೋದ ಹೊಸತರಲ್ಲಿ ಮನೆ ಮಾಲೀಕರ ತಾಯಿಯನ್ನು ಹಾಗೇ ಕೇಳಿದೆ. ಎಂಬತ್ತರ ಹತ್ತಿರದ ಅಜ್ಜಿ, ಓಣಿಯವರೆಲ್ಲ ನಾನಿ ಎನ್ನುತ್ತಿದ್ದರು. "ಎಬರ್ಡೀನ್" ಅಂದರು. ಅದು ಊರ ನಡುವಿನ ಬಜಾರು. ಅದಲ್ಲ, ಮೂಲ ಊರು ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ತಾತ ಬೇಡಿ ಹಾಕಿಸಿಕೊಂಡು ಬಂದವರು. ಎಲ್ಲಿಂದ ಬಂದೆ ಅಂತ ಅವರು ಮಕ್ಕಳಿಗೆ ಹೇಳಲಿಲ್ಲ. ನಮ್ಮೂರು ಇದೇ" ಅಂದರು. ಆಮೇಲೆ ನಾನು ಯಾರಿಗೂ ಆ ಪ್ರಶ್ನೆ ಕೇಳಲಿಲ್ಲ.

ನಮ್ಮ ಹಿರಿಯರು ಕರಿನೀರಿನ ಶಿಕ್ಷೆ ಎನ್ನುತ್ತಿದ್ದದ್ದು ಇದನ್ನೇ. 1857ರ ದಂಗೆಯ ಮರುವರ್ಷ, 1858ರ ಮಾರ್ಚಿನಲ್ಲಿ, ಮೊದಲ 200 ಕೈದಿಗಳನ್ನು ಬ್ರಿಟಿಷರು ಇಲ್ಲಿಗೆ ತಂದಿಳಿಸಿದರು. ಎಲ್ಲರಿಗೂ ಗೊತ್ತಿರುವ ಸೆಲ್ಯುಲಾರ್ ಜೈಲು ಬಂದದ್ದು ಎಷ್ಟೋ ಆಮೇಲೆ, 1906ರಲ್ಲಿ ಕಟ್ಟಿ ಮುಗಿಯಿತು. ಅದಕ್ಕೂ ಮೊದಲು ಸುಮಾರು ಐವತ್ತು ವರ್ಷ ಕೈದಿಗಳೇ ಕಾಡು ಕಡಿದು, ರಸ್ತೆ ಮಾಡಿ, ಊರು ಕಟ್ಟಿದ್ದರು. ಕೆಲವು ವರ್ಷ ಒಳ್ಳೆಯ ನಡತೆ ತೋರಿದವರಿಗೆ ತುಂಡು ಜಮೀನು ಕೊಟ್ಟು, ಹೆಣ್ಣು ಕೈದಿಗಳನ್ನು ಮದುವೆಯಾಗಲು ಬಿಡುತ್ತಿದ್ದರು. ಗಂಡು ಪಂಜಾಬಿನವನು, ಹೆಣ್ಣು ಮದರಾಸಿನವಳು. ಜಾತಿ, ಕೆಲವು ಸಲ ಧರ್ಮವೂ ಬೇರೆ. ಮನೆಯಲ್ಲಿ ಇಬ್ಬರಿಗೂ ಬರುವ ಮಾತು ಅಂದರೆ ಮುರುಕು ಹಿಂದೂಸ್ತಾನಿ. ಅವರ ಮಕ್ಕಳು, ಮೊಮ್ಮಕ್ಕಳನ್ನೇ ಅಲ್ಲಿ ಲೋಕಲ್ ಅನ್ನುವುದು. ಸರ್ಕಾರಿ ಲೆಕ್ಕದಲ್ಲಿ ಪ್ರೀ-ಫಾರ್ಟಿಟೂ, ಅಂದರೆ 1942ರಲ್ಲಿ ಜಪಾನಿ ಸೈನ್ಯ ಬರುವ ಮೊದಲೇ ನೆಲೆಸಿದ್ದವರು. ಆ ಮೂರೂವರೆ ವರ್ಷದ ಜಪಾನಿ ಆಡಳಿತದ ಬಗ್ಗೆ ನಾನಿ ಮಾತೇ ಆಡುತ್ತಿರಲಿಲ್ಲ. ಹಸಿವಿನ ಬಗ್ಗೆ ಮಾತ್ರ ಒಮ್ಮೆ ಹೇಳಿದ್ದರು.

ಉಳಿದವರೂ ಒಬ್ಬೊಬ್ಬರು ಒಂದೊಂದು ಕಾರಣಕ್ಕೆ ಬಂದವರೇ. 1921ರ ಮಲಬಾರ್ ದಂಗೆಯ ನಂತರ ಗಡೀಪಾರಾದ ಮಾಪಿಳ್ಳೆಗಳ, ಅಂದರೆ ಮಲಬಾರಿನ ಮುಸ್ಲಿಮರ, ಊರುಗಳು ದಕ್ಷಿಣ ಅಂಡಮಾನಿನಲ್ಲಿವೆ. ಅವಕ್ಕೆ ಅವರು ಇಟ್ಟ ಹೆಸರುಗಳು ಕ್ಯಾಲಿಕಟ್, ಮಂಜೇರಿ. ಕಾಡಿನ ಕೆಲಸಕ್ಕೆ ಛೋಟಾನಾಗಪುರದಿಂದ ಕರೆತಂದ ಆದಿವಾಸಿಗಳನ್ನು ಎಲ್ಲರೂ ರಾಂಚಿ ಅಂತಲೇ ಕರೆಯುತ್ತಾರೆ. ರಸ್ತೆ, ಮರದ ಕೆಲಸ ಎಲ್ಲಾ ಅವರ ಬೆವರು, ಆದರೂ ಅವರಲ್ಲಿ ಎಷ್ಟೋ ಜನರಿಗೆ ಇನ್ನೂ ಜಮೀನಿನ ಪಟ್ಟೆ ಇಲ್ಲ. ಈ ಮಾತು ಅಲ್ಲಿ ಇರುವಷ್ಟು ದಿನವೂ ನನ್ನನ್ನು ಚುಚ್ಚುತ್ತಿತ್ತು. ದೇಶ ಒಡೆದ ಮೇಲೆ, 1949ರಿಂದ, ಪೂರ್ವ ಬಂಗಾಳದ ನಿರಾಶ್ರಿತರು ಬಂದರು. ಈಗ ದ್ವೀಪಗಳಲ್ಲಿ ಬಂಗಾಳಿ ಮನೆಮಾತಿನವರೇ ಎಲ್ಲರಿಗಿಂತ ಜಾಸ್ತಿ. ತಮಿಳರು, ತೆಲುಗರು, ಮಲಯಾಳಿಗಳು ಊರ ತುಂಬ ಇದ್ದಾರೆ. ದುರ್ಗಾಪೂಜೆಗೆ ಇಡೀ ಊರು ಬೀದಿಗೆ ಬರುತ್ತದೆ. ಪಂಗುಣಿ ಉತ್ತಿರಕ್ಕೆ ಮುರುಗನ್ ಗುಡಿಗೆ ಕಾವಡಿ ಹೊತ್ತು ಹೋಗುವವರಲ್ಲಿ ತಮಿಳರಲ್ಲದವರೂ ಇರುತ್ತಾರೆ. ಕನ್ನಡದವರು ಬೆರಳೆಣಿಕೆಯಷ್ಟು, ಹೆಚ್ಚಿನವರು ನಮ್ಮ ಹಾಗೆ ಕೆಲಸಕ್ಕೆ ಬಂದು ಹೋಗುವವರು.

ಇವರೆಲ್ಲ ಬರುವ ಮೊದಲು ಆ ನೆಲ ಖಾಲಿ ಇರಲಿಲ್ಲ. ಗ್ರೇಟ್ ಅಂಡಮಾನೀಸ್ ಎಂಬ ಆದಿವಾಸಿ ಜನ ಸಾವಿರಗಟ್ಟಲೆ ಇದ್ದರು. 1859ರ ಮೇ 17ರಂದು ಬಿಲ್ಲು ಬಾಣ ಹಿಡಿದು ಎಬರ್ಡೀನಿನಲ್ಲಿ ಬ್ರಿಟಿಷರ ಮೇಲೆ ಬಿದ್ದು ಸೋತರು. ಸಮುದ್ರದ ದಂಡೆಯಲ್ಲಿ ಅದಕ್ಕೊಂದು ಸ್ಮಾರಕ ಇದೆ. ಜನ ಅದರ ಪಕ್ಕದಲ್ಲೇ ದೋಣಿ ಟಿಕೆಟ್ಟಿಗೆ ನಿಲ್ಲುತ್ತಾರೆ, ಓದುವವರು ಕಡಿಮೆ. ಆಮೇಲೆ ಹೊರಗಿನಿಂದ ಬಂದ ದಡಾರ, ಸಿಫಿಲಿಸ್ ಅವರನ್ನು ಮುಗಿಸಿದವು. ಈಗ ನೂರು ಜನವೂ ಉಳಿದಿಲ್ಲ. ನಾವು ಅಲ್ಲಿಗೆ ಹೋದ ಕೆಲವೇ ತಿಂಗಳಿಗೆ, 2010ರ ಜನವರಿಯಲ್ಲಿ, ಬೋವಾ ಸೀನಿಯರ್ ಎಂದು ಹೊರಗಿನವರು ಕರೆಯುತ್ತಿದ್ದ ಹಿರಿಯಜ್ಜಿ ಪೋರ್ಟ್ ಬ್ಲೇರ್‌ನಲ್ಲೇ ತೀರಿಕೊಂಡರು. ಬೋ ಎಂಬ ಭಾಷೆ ಆಡುವವರು ಅವರೊಬ್ಬರೇ ಉಳಿದಿದ್ದರು. ಭಾಷಾ ವಿದ್ವಾಂಸೆ ಅನ್ವಿತಾ ಅಬ್ಬಿ ಆ ಅಜ್ಜಿಯ ಮಾತನ್ನು ದಾಖಲಿಸಿಕೊಂಡಿದ್ದಾರೆ. ಅವತ್ತು ಪತ್ರಿಕೆ ಓದಿ ನಾನು ಅವ್ವನಿಗೆ ಫೋನು ಮಾಡಿ ಸುಮ್ನೆ ಅರ್ಧ ಗಂಟೆ ಕನ್ನಡದಲ್ಲಿ ಮಾತಾಡಿದೆ.

ಹಾಗಾಗಿ ಒಂದು ಕೇಳಿಕೆ. ಬಾರಾಟಾಂಗ್ ದ್ವೀಪ ನೋಡಲು ಹೋಗುವ ಅಂಡಮಾನ್ ಟ್ರಂಕ್ ರೋಡು ಜಾರವಾ ಎಂಬ ಆದಿವಾಸಿ ಜನರ ಕಾಡಿನ ಮಧ್ಯೆ ಹಾಯುತ್ತದೆ. ಆ ರಸ್ತೆಯನ್ನು ಮುಚ್ಚಬೇಕೆಂದು 2002ರಲ್ಲೇ ಸುಪ್ರೀಂ ಕೋರ್ಟು ಹೇಳಿತ್ತು, ಆಮೇಲೂ ಗಾಡಿಗಳು ಓಡುತ್ತಲೇ ಬಂದಿವೆ. ಜಾರವಾ ಜನರಿಗೆ ತಿಂಡಿ ಕೊಡುವುದು, ಅವರ ಫೋಟೊ ತೆಗೆಯುವುದು ಅಪರಾಧ. ಅಪರಾಧ ಅಂತ ಮಾತ್ರ ಅಲ್ಲ, ಅವರು ನೋಡುವ ವಸ್ತುವಲ್ಲ ಎಂದು ಮಕ್ಕಳಿಗೆ ಮೊದಲೇ ಹೇಳಿ. ಆಗುವುದಾದರೆ ಆ ರಸ್ತೆಯಲ್ಲಿ ಸುಮ್ಮನೆ ತಿರುಗಾಡಲು ಹೋಗಲೇಬೇಡಿ. ನಾವು ಒಂದು ಸಲ ಹೋದೆವು. ನಾನು ಎರಡನೇ ಸಲ ಹೋಗಲಿಲ್ಲ.

ಮಕ್ಕಳ ಭಾಷೆಯ ಬಗ್ಗೆ ಕೇಳಿದ್ದೀರಿ. ಹಿಂದಿ ಬರದಿದ್ದರೆ ತೊಂದರೆಯಾ ಎಂದು. ಮೂರು ತಿಂಗಳಲ್ಲಿ ಬಂದುಬಿಡುತ್ತದೆ. ಅಲ್ಲಿ ಬಹಳಷ್ಟು ಜನರಿಗೆ ಅದು ಮನೆಯ ಮಾತಲ್ಲ, ಓಣಿಯ ಮಾತು. ತಪ್ಪು ಮಾತಾಡಿದರೆ ಯಾರೂ ನಗುವುದಿಲ್ಲ. ಕಾರ್ಬಿನ್ಸ್ ಕೋವ್ ಬೀಚು ಇರಲಿ, ವಂಡೂರ್ ಬೀಚು ಇರಲಿ, ಮೊಸಳೆಯ ಬೋರ್ಡು ಇದ್ದಲ್ಲಿ ಮಕ್ಕಳನ್ನು ನೀರಿಗೆ ಬಿಡಬೇಡಿ. ಅದು ಹೆದರಿಸಲು ಹಾಕಿದ್ದಲ್ಲ, ಉಪ್ಪುನೀರಿನ ಮೊಸಳೆ ನಿಜವಾಗಿಯೂ ಇವೆ. ಸಂಜೆ ಮರಳಿನಲ್ಲಿ ಕೂತರೆ ಕಣ್ಣಿಗೆ ಕಾಣದಷ್ಟು ಸಣ್ಣ ಮರಳುನೊಣ ಕಚ್ಚಿ ವಾರಗಟ್ಟಲೆ ತುರಿಸುತ್ತದೆ. ಕಾಲಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಹೋಗಿ.

ಮೇ ಕೊನೆಯಲ್ಲಿ ಸಮುದ್ರ ಒರಟಾಗಿರುತ್ತದೆ. ಮಕ್ಕಳಿರುವುದರಿಂದ ಈ ಸಲ ವಿಮಾನದಲ್ಲೇ ಹೋಗಿ. ಹಡಗಿನಲ್ಲಿ ಒಂದು ಸಲವಾದರೂ ಬರಬೇಕು, ಅದನ್ನು ಫೆಬ್ರುವರಿಗೆ ಇಟ್ಟುಕೊಳ್ಳಿ. ಮತ್ತೆ ಆ ಟ್ಯಾಂಕಿನ ವಿಷಯ, ಮನೆಗೆ ಅಡ್ವಾನ್ಸ್ ಕೊಡುವ ಮೊದಲು ಮರೆಯದೆ ಕೇಳಿ.